ಎಂಟು ಜನರ ಹಗ್ಗ, ನಾಲ್ವರ ಬಲ

ಶಾಲೆಯ ಕ್ರೀಡೋತ್ಸವದಲ್ಲಿ ಹಗ್ಗಜಗ್ಗಾಟವನ್ನು ನೋಡದವರು ಯಾರು? ಒಬ್ಬನು ಎಳೆಯುವ ಬಲವನ್ನು ಅಳೆದು ಎಂಟರಿಂದ ಗುಣಿಸಿದರೆ ಎಂಟು ಜನರ ತಂಡದ ಬಲವು ದೊರೆಯಬೇಕೆಂದು ಭೌತವಿಜ್ಞಾನದ ವಿದ್ಯಾರ್ಥಿಯು ಸಹಜವಾಗಿ ಭಾವಿಸುತ್ತಾನೆ. ಹನಿ ಹನಿ ಗೂಡಿದರೆ ಹಳ್ಳವಲ್ಲವೆ? ಆದರೆ ಮನುಷ್ಯರ ವಿಷಯದಲ್ಲಿ ಈ ಲೆಕ್ಕವು ತಪ್ಪುತ್ತದೆ.

ಮ್ಯಾಕ್ಸ್ ರಿಂಗಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರರು 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗುಂಪು ಬೆಳೆದಂತೆಲ್ಲ ಪ್ರತಿಯೊಬ್ಬನ ಪಾಲಿನ ಬಲವು ಕುಗ್ಗುತ್ತ ಹೋಯಿತು. ಅವರ ಕೋಷ್ಟಕದಲ್ಲಿ ಎಂಟು ಜನರು ಕೂಡಿದಾಗ ದೊರೆತದ್ದು ಸುಮಾರು ನಾಲ್ವರ ಬಲ ಮಾತ್ರ! ಇದಕ್ಕೆ ಒಂದು ಕಾರಣ ಯಂತ್ರಶಾಸ್ತ್ರಕ್ಕೆ ಸೇರಿದ್ದು: ಎಲ್ಲರೂ ಒಂದೇ ಕ್ಷಣದಲ್ಲಿ, ಒಂದೇ ದಿಕ್ಕಿನಲ್ಲಿ ಎಳೆಯುವುದಿಲ್ಲ. ಇನ್ನೊಂದು ಮನಸ್ಸಿಗೆ ಸೇರಿದ್ದು. 1974ರಲ್ಲಿ ಅಮೆರಿಕದ ಇಂಗ್‌ಹ್ಯಾಮ್ ಮತ್ತು ಸಂಗಡಿಗರು ಎಳೆಯುವವನ ಕಣ್ಣಿಗೆ ಪಟ್ಟಿ ಕಟ್ಟಿ, ಬೆನ್ನ ಹಿಂದೆ ಇತರರೂ ಎಳೆಯುತ್ತಿರುವರೆಂಬ ಭ್ರಮೆಯನ್ನು ಹುಟ್ಟಿಸಿದರು. ವಾಸ್ತವವಾಗಿ ಎಳೆಯುತ್ತಿದ್ದವನು ಅವನೊಬ್ಬನೇ; ಹೊಂದಾಣಿಕೆಯ ದೋಷಕ್ಕೆ ಅವಕಾಶವೇ ಇರಲಿಲ್ಲ. ಆದರೂ ಅವನ ಎಳೆತ ಸಡಿಲವಾಯಿತು.

ಹಾಗಾದರೆ ಅವನು ಸೋಮಾರಿಯೆ? ಅವಸರದ ತೀರ್ಪು ಬೇಡ. 1981ರಲ್ಲಿ ವಿಲಿಯಮ್ಸ್, ಹಾರ್ಕಿನ್ಸ್ ಮತ್ತು ಲಟಾನೆ ಎಂಬ ಮನೋವಿಜ್ಞಾನಿಗಳು ಗುಂಪಾಗಿ ಕೂಗುವವರ ಧ್ವನಿಯನ್ನು ಅಳೆದರು. ಪ್ರತಿಯೊಬ್ಬನ ಧ್ವನಿಯೂ ಬೇರೆಬೇರೆಯಾಗಿ ಗುರುತಿಸಲ್ಪಡುವುದೆಂದು ತಿಳಿದಾಗ ಆ ಶೈಥಿಲ್ಯವು ಮರೆಯಾಯಿತು. ಮನುಷ್ಯನು ದುಡಿಯಲು ಹಿಂಜರಿಯುವುದಿಲ್ಲ. ತನ್ನ ದುಡಿಮೆ ಯಾರ ಕಣ್ಣಿಗೂ ಬೀಳದೆಂದು ತೋರಿದಾಗ ಹಿಂಜರಿಯುತ್ತಾನೆ.

ನಮ್ಮ ತಂಡಗಳು ಸೋತಾಗ ನಡೆಯುವುದೇನು? ಒಗ್ಗಟ್ಟನ್ನು ಕುರಿತು ಒಂದು ಉಪನ್ಯಾಸ. ಆತ್ಮವಿಶ್ವಾಸವನ್ನು ಕುರಿತು ಇನ್ನೊಂದು. ಮಾತು ನಿಷ್ಫಲವೆಂದು ನಾನು ಹೇಳುವುದಿಲ್ಲ. ಆದರೆ ಆತ್ಮವಿಶ್ವಾಸದ ಪ್ರಬಲವಾದ ಮೂಲವು ತಾನೇ ಮಾಡಿ ಸಾಧಿಸಿದ ಅನುಭವವೆಂದು ಆಲ್ಬರ್ಟ್ ಬಂಡೂರ 1977ರಲ್ಲಿಯೇ ಪ್ರತಿಪಾದಿಸಿದರು. ಆದುದರಿಂದ ಭಾಷಣಕ್ಕಿಂತ ಅಭ್ಯಾಸದ ಕ್ರಮವನ್ನು ತಿದ್ದುವುದು ಮೇಲು. ಹಗ್ಗದ ತುದಿಗೆ ಒಂದು ಸ್ಪ್ರಿಂಗ್ ತ್ರಾಸನ್ನು ಕಟ್ಟಿ, ಪ್ರತಿಯೊಬ್ಬನ ಎಳೆತವನ್ನು ವಾರಕ್ಕೊಮ್ಮೆ ಬರೆದಿಡಿ. ಹೀಗೆ ಅಳೆದರೆ ಗೆಳೆಯರಲ್ಲಿ ಮತ್ಸರ ಹುಟ್ಟದೆ ಎಂದು ಕೇಳಬಹುದು. ಪಕ್ಕದವನ ಅಂಕಿಯೊಡನೆ ಹೋಲಿಸಿದರೆ ಹುಟ್ಟೀತು. ತನ್ನದೇ ಹಿಂದಿನ ವಾರದ ಅಂಕಿಯೊಡನೆ ಹೋಲಿಸಿದರೆ ಅದಕ್ಕೆ ಎಡೆಯಿಲ್ಲ.

ವಿದ್ಯಾರ್ಥಿಮಿತ್ರರೆ, ನಿಮ್ಮಲ್ಲಿ ನಾಯಕರಾದವರು ಇಷ್ಟನ್ನು ಮರೆಯಬೇಡಿ. ಮುಂದೆ ನಿಂತವನನ್ನು ಪ್ರೇಕ್ಷಕರೆಲ್ಲರೂ ನೋಡುತ್ತಾರೆ. ನಡುವೆ ನಿಂತು ಎಳೆಯುವ ಹುಡುಗನನ್ನು ನೋಡಬೇಕಾದವರು ನೀವು. ಅವನ ಹೆಸರು ಹಿಡಿದು, ಅವನು ಮಾಡಿದ್ದನ್ನು ಹೇಳಿ.