ಕೋಶ ಮಗಳಿಗೆ, ದೇಶ ಮಗನಿಗೆ?

ಈಚೆಗೆ ಅಂಕೋಲೆಯಲ್ಲಿ ಬಳಗದವರ ಮನೆಯ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ದೂರದ ಸಂಬಂಧದಲ್ಲಿ ನನಗೆ ಅತ್ತಿಗೆಯಾಗಬೇಕು. ಪಾಯಸ ಬಡಿಸುವ ಹೊತ್ತಿಗೆ ಅವರು ನನ್ನ ಕಡೆ ತಿರುಗಿ, "ನಿನ್ನ ಮಗಳ ಫೋಟೋ ನೋಡಿದೆ ಮಾರಾಯ್ತಿ. ಎಂಥದೋ ಕಲ್ಲುಕಂಬಕ್ಕೆ ಒರಗಿ ನಿಂತಿದ್ದಳು. ಅದರ ಹಿಂದಿನ ವಾರ ಇನ್ನೆಲ್ಲೋ ಸಮುದ್ರದ ದಂಡೆ. ಅವಳನ್ನು ಓದಲಿಕ್ಕೆ ಕಳಿಸಿದ್ದೋ, ತಿರುಗಲಿಕ್ಕೆ ಕಳಿಸಿದ್ದೋ?" ಎಂದರು. ಎದುರಿನ ಸಾಲಿನಲ್ಲಿದ್ದ ನಾಲ್ಕು ಹೆಂಗಸರು ನಕ್ಕರು. ಅತ್ತಿಗೆ ಅಲ್ಲಿಗೇ ನಿಲ್ಲಿಸಲಿಲ್ಲ. "ಅದೂ ಅರ್ಗಾದ ಜಮೀನಿನ ದುಡ್ಡು!" ಎಂದು ಸೇರಿಸಿದರು.

ನಾನು ಏನೂ ಹೇಳಲಿಲ್ಲ. ಮದುವೆಮನೆಯಲ್ಲಿ ಜಗಳ ಬೇಡವೆಂದು ಪಾಯಸ ಮುಗಿಸಿ ಎದ್ದೆ. ಆದರೆ ಬಸ್ಸಿನಲ್ಲಿ ಕಾರವಾರದ ತನಕ ಆ ಮಾತು ನನ್ನ ಜೊತೆಗೇ ಕುಳಿತು ಬಂತು. ಈ ಅತ್ತಿಗೆಯ ಮಗ ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾನೆ. ಅವನು ಸಿಡ್ನಿಯ ಸೇತುವೆಯ ಎದುರು ನಿಂತ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಅವರ ಹಜಾರದಲ್ಲಿ ಟೀವಿಯ ಪಕ್ಕಕ್ಕೆ ತೂಗುಹಾಕಿದ್ದಾರೆ. ಮನೆಗೆ ಹೋದವರಿಗೆಲ್ಲ ಚಹಾದ ಜೊತೆಗೆ ಅದರ ದರ್ಶನ. ಮಗ ಶನಿವಾರ ಹೊರಟರೆ ಅದು ಲೋಕಜ್ಞಾನ. ಮಗಳು ಹೊರಟರೆ ತಿರುಗಾಟ. ಕೋಶ ಓದು, ದೇಶ ಸುತ್ತು ಎಂದು ನಮ್ಮ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾವು ಎರಡು ಪಾಲು ಮಾಡಿ, ಕೋಶವನ್ನು ಮಗಳಿಗೂ ದೇಶವನ್ನು ಮಗನಿಗೂ ಹಂಚಿಬಿಟ್ಟಿದ್ದೇವೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಮೊದಲು ದುಡ್ಡಿನ ಮಾತು. ನನ್ನ ಮಗಳು ಜರ್ಮನಿಯ ಆಖೆನ್ ಎಂಬ ಊರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವಿಲ್ಲ. ಆ ಕಾರಣಕ್ಕೇ ನಮ್ಮಂಥ ಮನೆಯ ಮಕ್ಕಳೂ ಅತ್ತ ಹೊರಟಿದ್ದು. 2023-24ರ ಚಳಿಗಾಲದ ಹೊತ್ತಿಗೆ ಅಲ್ಲಿ ಓದುವ ಭಾರತೀಯರ ಸಂಖ್ಯೆ 49 ಸಾವಿರ ದಾಟಿತ್ತು. ಶುಲ್ಕವಿಲ್ಲದಿದ್ದರೂ ಹೊಟ್ಟೆಗೆ ಬೇಕಲ್ಲ? ವೀಸಾ ಕೊಡುವ ಮೊದಲು ಒಂದು ವರ್ಷದ ಖರ್ಚಿನ ಹಣವನ್ನು ಅಲ್ಲಿಯ ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ, ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಮೇಲೆ. ಹಣ ಅವಳದೇ ಆದರೂ ತಿಂಗಳಿಗೆ 992 ಯೂರೋಗಿಂತ ಹೆಚ್ಚು ತೆಗೆಯುವಂತಿಲ್ಲ. ಕೋಣೆಯ ಬಾಡಿಗೆ, ಆರೋಗ್ಯ ವಿಮೆ, ಅಕ್ಕಿ, ಬೇಳೆ ಎಲ್ಲ ಅದರಲ್ಲೇ ಆಗಬೇಕು. ಇಷ್ಟು ಬಿಗಿಯಾದ ಗಂಟಿನಲ್ಲಿ ಯಾರೂ ಮೋಜು ಮಾಡಲಾರರು.

ಹಾಗಾದರೆ ತಿರುಗಾಟ ಹೇಗೆ? ಅಲ್ಲಿ ವಿದ್ಯಾರ್ಥಿಗಳು ಆರು ತಿಂಗಳಿಗೊಮ್ಮೆ ಕಟ್ಟುವ ಚಿಕ್ಕ ಮೊತ್ತದಲ್ಲೇ ಬಸ್ಸು ರೈಲುಗಳ ಪಾಸೂ ಸೇರಿರುತ್ತದೆ. 2024ರಿಂದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಆ ಪಾಸು ಇಡೀ ದೇಶಕ್ಕೆ ನಡೆಯುತ್ತದೆ. ವೇಗದ ದೊಡ್ಡ ರೈಲು ಹತ್ತುವಂತಿಲ್ಲ, ಎಲ್ಲ ಊರಲ್ಲೂ ನಿಲ್ಲುವ ನಿಧಾನದ ರೈಲು ಹತ್ತಬೇಕು, ಅಷ್ಟೆ. ಹುಡುಗಿಯರು ಡಬ್ಬಿಯಲ್ಲಿ ಚಿತ್ರಾನ್ನ ತುಂಬಿಕೊಂಡು ಬೆಳಗ್ಗೆ ಹೊರಟು ರಾತ್ರಿ ಮರಳುತ್ತಾರೆ. ಪಾಸು ಮೊದಲೇ ಕೊಂಡದ್ದು, ಚಿತ್ರಾನ್ನ ಮನೆಯಲ್ಲೇ ಮಾಡಿದ್ದು. ಅತ್ತಿಗೆ ಕಂಡ ಕಲ್ಲುಕಂಬವಿರುವುದು ಆಖೆನ್ ಪಕ್ಕದ ವಾಲ್ಸ್ ಗುಡ್ಡದ ಮೇಲೆ. ಜರ್ಮನಿ, ನೆದರ್ಲ್ಯಾಂಡ್ಸ್, ಬೆಲ್ಜಿಯಂ ಮೂರೂ ದೇಶಗಳು ಅಲ್ಲಿ ಒಂದು ಬಿಂದುವಿನಲ್ಲಿ ಸೇರುತ್ತವೆ. ಗುಡ್ಡದ ಎತ್ತರ 322 ಮೀಟರ್. ನಮ್ಮ ಸಹ್ಯಾದ್ರಿಯ ಮುಂದೆ ಅದು ಮಗು. ಊರ ಬಸ್ಸಿನಲ್ಲಿ ಹೋಗಿ ನಡೆದು ಹತ್ತಿದರಾಯಿತು. ಅದರ ಖರ್ಚನ್ನು ಅರ್ಗಾದ ಜಮೀನಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ದೂರದ ಊರುಗಳಿಗೆ ಹೋದದ್ದೂ ಉಂಟು. ಅದು ಅವಳ ದುಡಿಮೆಯ ಹಣ. ವಿದೇಶಿ ವಿದ್ಯಾರ್ಥಿಗಳು ಅಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದೆಂಬ ನಿಯಮವಿದೆ. ಮಗಳು ಊಟದ ಹಾಲಿನಲ್ಲಿ ತಟ್ಟೆ ತೊಳೆಯುವ ಯಂತ್ರದ ಮುಂದೆ ನಿಂತು ಗಳಿಸುತ್ತಾಳೆ. ಊರಿನಲ್ಲಿ ತಿಂದ ತಟ್ಟೆ ಎತ್ತಿಡಲಿಕ್ಕೆ ನನ್ನಿಂದ ಮೂರು ಸಲ ಹೇಳಿಸಿಕೊಳ್ಳುತ್ತಿದ್ದವಳು! ಆ ಫೋಟೋ ಅವಳು ಹಾಕುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯ ಫೋಟೋ ಹಾಕುವುದಿಲ್ಲ. ಜ್ವರ ಬಂದು ಮಲಗಿದಾಗ ಗಂಜಿ ಮಾಡಿಕೊಡಲು ಯಾರೂ ಇಲ್ಲದ ಫೋಟೋವನ್ನೂ ಹಾಕುವುದಿಲ್ಲ. ನಾವು ನೋಡುವುದು ವಾರದಲ್ಲಿ ಒಂದು ದಿನವನ್ನು. ಉಳಿದ ಆರು ದಿನಗಳನ್ನು ನಾವೇ ಊಹಿಸಿಕೊಳ್ಳಬೇಕು, ಆದರೆ ಅಷ್ಟು ಶ್ರಮ ಯಾರಿಗೆ ಬೇಕು?

ಇನ್ನು ಅಲ್ಲಿಯ ಭಾನುವಾರದ ಸಂಗತಿ. ಕಾನೂನಿನ ಪ್ರಕಾರವೇ ಅಂಗಡಿಗಳು ಮುಚ್ಚಿರುತ್ತವೆ. ಗದ್ದಲ ಮಾಡುವಂತಿಲ್ಲ. ಚಳಿಗಾಲದಲ್ಲಿ ಸಂಜೆ ಐದಕ್ಕೆ ಮೊದಲೇ ಕತ್ತಲು. ಮೊದಲ ಮೂರು ತಿಂಗಳು ಮಗಳು ಭಾನುವಾರಗಳಲ್ಲಿ ಫೋನ್ ಮಾಡಿ ಏನೂ ಮಾತಾಡದೆ ಸುಮ್ಮನೆ ಹಿಡಿದುಕೊಂಡಿರುತ್ತಿದ್ದಳು. "ಏನು ಮಾಡುತ್ತಿದ್ದಿ?" ಎಂದರೆ "ಏನಿಲ್ಲ, ನೀನು ಅಡುಗೆ ಮಾಡುವ ಸದ್ದು ಕೇಳುತ್ತಿದ್ದೇನೆ" ಎನ್ನುತ್ತಿದ್ದಳು. ಒಂದು ಮಂಚ, ಒಂದು ಮೇಜು, ಒಂದು ಕಿಟಕಿ ಇರುವ ಕೋಣೆಯಲ್ಲಿ ಇಡೀ ದಿನ ಗೋಡೆ ನೋಡುತ್ತ ಕೂರುವ ಮಗಳನ್ನು "ಶಿಸ್ತಿನ ಹುಡುಗಿ" ಎಂದು ಹೊಗಳುವವರಿಗೆ ಆ ಮೌನದ ಭಯ ಗೊತ್ತಿಲ್ಲ, ನನಗೆ ಗೊತ್ತು. ಕೊನೆಗೆ "ಏಳು, ಚಪ್ಪಲಿ ಮೆಟ್ಟು, ಯಾವುದಾದರೂ ರೈಲು ಹತ್ತು" ಎಂದು ಹೇಳಿದವಳು ನಾನೇ. ತಪ್ಪಿದ್ದರೆ ನನ್ನದು.

ಈಗ ಅರ್ಗಾದ ಮಾತು. ಅತ್ತಿಗೆ ಅದನ್ನು ಎತ್ತಿದ್ದು ಒಳ್ಳೆಯದೇ ಆಯಿತು.

ನಾನು ಹುಟ್ಟಿದ್ದು ಅರ್ಗಾದಲ್ಲಿ. ಕಾರವಾರ ಅಂಕೋಲೆಗಳ ನಡುವೆ, ಹೆದ್ದಾರಿಯ ಆಚೆಗೆ ತೆಂಗಿನ ತೋಟ, ಅದರಾಚೆ ಮರಳು, ಮರಳಿನಾಚೆ ಕಡಲು, ಕಡಲಲ್ಲಿ ಅಂಜುದೀವ ನಡುಗಡ್ಡೆ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಹಣವಿಲ್ಲದೆ ಕೆಲಸ ವರ್ಷಗಟ್ಟಲೆ ಕುಂಟಿ, ಕೊನೆಗೆ 2005ರ ಮೇ 31ರಂದು ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಬಿಣಗಾ, ಅರ್ಗಾದಿಂದ ಹಿಡಿದು ಅಂಕೋಲೆಯ ಕಡೆಯ ಊರುಗಳ ತನಕ ಸಾವಿರಾರು ಮನೆಗಳು ಎದ್ದವು. ತೋಡೂರು, ಚಿತ್ತಾಕುಲಗಳಲ್ಲಿ ಕಾಲೊನಿಗಳಾದವು. ಪರಿಹಾರದ ಬಾಕಿಗಾಗಿ ಜನ ದಶಕಗಳ ಕಾಲ ನ್ಯಾಯಾಲಯ ಅಲೆದರು. ದೇಶದ ರಕ್ಷಣೆಗೆ ನೆಲೆ ಬೇಕು, ಅದಕ್ಕೆ ನಾನು ಎದುರಾಡುವುದಿಲ್ಲ. ಆದರೆ ನಾನು ಕಪ್ಪೆಚಿಪ್ಪು ಆರಿಸಿದ ಮರಳಿಗೆ ಇನ್ನು ನಾನು ಕಾಲಿಡಲಾರೆ. ಬಸ್ಸಿನಲ್ಲಿ ಹೋಗುವಾಗ ಗೋಡೆ ಕಾಣುತ್ತದೆ, ಕಾವಲಿನವರು ಕಾಣುತ್ತಾರೆ, ಕಡಲು ಕಾಣುವುದಿಲ್ಲ.

ಒಂದು ನಿಜ ಒಪ್ಪಿಕೊಳ್ಳಬೇಕು. ಬೇಲಿ ಬರುವ ಮೊದಲೂ ಆ ದಂಡೆ ನನಗೆ ಪೂರ್ತಿ ನನ್ನದಾಗಿರಲಿಲ್ಲ. ಮೈನೆರೆದ ಮೇಲೆ "ಸಂಜೆ ದಂಡೆಗೆ ಹೋಗಬೇಡ" ಎಂಬ ಅಪ್ಪಣೆಯಾಯಿತು. ಅಣ್ಣಂದಿರು ದೋಣಿಯೇರಿ ಅಂಜುದೀವದ ಹತ್ತಿರದ ತನಕ ಹೋಗಿ ಬರುತ್ತಿದ್ದರು. ನಾನು ಅದನ್ನು ತೆಂಗಿನ ಮರಗಳ ಸಂದಿಯಿಂದ ನೋಡಿದವಳು. ಮುಂದೆ ಧಾರವಾಡದಲ್ಲಿ ಓದಿದೆ. ಹಾಸ್ಟೆಲಿನ ಬಾಗಿಲು ಸಂಜೆ ಆರಕ್ಕೆ ಮುಚ್ಚುತ್ತಿತ್ತು. ಭಾನುವಾರ ಹೊರಗೆ ಹೋಗಬೇಕಾದರೆ ಪರಿಚಿತರು ಬಂದು ಸಹಿ ಮಾಡಬೇಕು. ಧಾರವಾಡದಲ್ಲಿ ಮೂರು ವರ್ಷ ಇದ್ದು ನಾನು ಹಂಪಿ ನೋಡಲಿಲ್ಲ, ಬಾದಾಮಿ ನೋಡಲಿಲ್ಲ. ಬಾದಾಮಿಯ ಗುಹೆಗಳ ಬಗ್ಗೆ ಇತಿಹಾಸದ ಪತ್ರಿಕೆಯಲ್ಲಿ ಹತ್ತು ಅಂಕದ ಉತ್ತರ ಬರೆದು ಒಂಬತ್ತು ಪಡೆದೆ. ಜೊತೆಯ ಹುಡುಗರು ಅಲ್ಲಿಗೆ ಎರಡೆರಡು ಸಲ ಹೋಗಿ ಬಂದು ನನಗಿಂತ ಕಡಿಮೆ ಅಂಕ ಪಡೆದರು. ಬಾದಾಮಿಯನ್ನು ಬಲ್ಲವರು ಅವರೋ ನಾನೋ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಮಗಳು ಹೋದ ಆ "ಇನ್ನೆಲ್ಲೋ ಸಮುದ್ರದ ದಂಡೆ" ಯಾವುದೆಂದು ಹೇಳುತ್ತೇನೆ ಕೇಳಿ. ಅದು ನೆದರ್ಲ್ಯಾಂಡ್ಸಿನ ಜೀಲ್ಯಾಂಡ್ ಪ್ರಾಂತ. 1953ರ ಫೆಬ್ರವರಿ 1ರಂದು ಅಲ್ಲಿ ಕಡಲುಕ್ಕಿ ಆ ದೇಶದಲ್ಲಿ 1,836 ಜನ ಸತ್ತರು. ಇನ್ನೆಂದೂ ಹೀಗಾಗಬಾರದೆಂದು ಸರ್ಕಾರ ಕಡಲಿನ ಬಾಯಿಗಳಿಗೆ ಒಡ್ಡು ಕಟ್ಟತೊಡಗಿತು. ಓಸ್ಟರ್‌ಸ್ಕೆಲ್ಡೆ ಎಂಬ ಅಳಿವೆಯನ್ನೂ ಗಟ್ಟಿಯಾಗಿ ಮುಚ್ಚಿಬಿಡುವುದೆಂದು ಯೋಜನೆಯಿತ್ತು. ಆದರೆ ಅಲ್ಲಿಯ ಮೀನುಗಾರರು, ಚಿಪ್ಪು ಬೆಳೆಯುವವರು, ಪರಿಸರದವರು ಎದ್ದು ನಿಂತರು. ಉಪ್ಪುನೀರಿನ ಉಬ್ಬರ ಇಳಿತ ನಿಂತರೆ ತಮ್ಮ ಬದುಕೇ ನಿಲ್ಲುತ್ತದೆಂದರು. 1970ರ ದಶಕದಲ್ಲಿ ಸರ್ಕಾರ ನಕ್ಷೆಯನ್ನೇ ಬದಲಾಯಿಸಿತು. ಗೋಡೆಯ ಬದಲು 62 ಉಕ್ಕಿನ ಬಾಗಿಲುಗಳನ್ನು ಇಟ್ಟರು. ಅವು ಸದಾ ತೆರೆದಿರುತ್ತವೆ, ಬಿರುಗಾಳಿ ಬಂದಾಗ ಮಾತ್ರ ಇಳಿಯುತ್ತವೆ. ರಾಣಿ ಬಿಯಾಟ್ರಿಕ್ಸ್ ಅದನ್ನು ಉದ್ಘಾಟಿಸಿದ್ದು 1986ರ ಅಕ್ಟೋಬರ್ 4ರಂದು. ನಮ್ಮಲ್ಲಿ ಅಡಿಗಲ್ಲು ಬಿದ್ದದ್ದು ಅದೇ ತಿಂಗಳು, ಇಪ್ಪತ್ತು ದಿನಗಳ ನಂತರ.

ಅಂದು ರಾತ್ರಿ ಮಗಳು ಫೋನ್ ಮಾಡಿದಳು. ಗಾಳಿಯ ಸದ್ದಿನ ನಡುವೆ, "ಆಯಿ, ಅಜ್ಜ ಹೇಳುತ್ತಿದ್ದನಲ್ಲ, ದೋಣಿ ಹಾದುಹೋಗುವಷ್ಟು ದಾರಿ ಬಿಟ್ಟಿದ್ದರೂ ಸಾಕಿತ್ತು ಅಂತ. ಇಲ್ಲಿ ನೀರಿಗೆ ದಾರಿ ಬಿಟ್ಟಿದ್ದಾರೆ" ಎಂದಳು. ನೌಕಾನೆಲೆಯೇ ಬೇರೆ, ಪ್ರವಾಹದ ಒಡ್ಡೇ ಬೇರೆ, ಅವಳಿಗೂ ನನಗೂ ಅದು ಗೊತ್ತು. ಆದರೆ ಕಡಲಲ್ಲಿ ಏನೇ ಕಟ್ಟುವಾಗಲೂ ದಂಡೆಯವರನ್ನು ಕೇಳಿ ಕಟ್ಟಬಹುದು, ಕೇಳಿದರೆ ನಕ್ಷೆ ಬದಲಾಗಬಹುದು ಎಂಬುದನ್ನು ಆ ಹುಡುಗಿ ಕಣ್ಣಾರೆ ಕಂಡು ಬಂದಳು. 2020ರ ಜನವರಿಯಲ್ಲಿ ಸಾಗರಮಾಲಾ ಬಂದರು ವಿಸ್ತರಣೆಯ ವಿರುದ್ಧ ಕಾರವಾರದ ಮೀನುಗಾರರು ಬೀದಿಗಿಳಿದಾಗ ಕೇಳಿದ್ದೂ ಇಂಥ ಮಾತನ್ನೇ. ನಾಳೆ ಎಂಜಿನಿಯರಾಗಿ ಯಾವುದೋ ಕಡಲಿನ ನಕ್ಷೆಯ ಮುಂದೆ ಕೂತಾಗ ಅವಳಿಗೆ ಇದು ನೆನಪಾಗುತ್ತದೆ. ಅರ್ಗಾದ ಜಮೀನಿನ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಬೆಲೆ ಯಾವ ನ್ಯಾಯಾಲಯವೂ ಕೊಟ್ಟಿಲ್ಲ ಅತ್ತಿಗೆ.

ಕಾರವಾರದವರಾದ ನಾವು ಈ ಮಾತನ್ನು ಬೇಗ ಅರ್ಥಮಾಡಿಕೊಳ್ಳಬೇಕಿತ್ತು. ನಮ್ಮ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿಟ್ಟು ಹೆಮ್ಮೆಪಡುತ್ತೇವೆ. ಆ ಹುಡುಗ 1878ರಲ್ಲಿ ಓದಲೆಂದು ಇಂಗ್ಲೆಂಡಿಗೆ ಹೋಗಿ, 1880ರಲ್ಲಿ ಪದವಿಯಿಲ್ಲದೆ ಮರಳಿದವನು. ಅಲ್ಲಿದ್ದಷ್ಟು ದಿನ ಕಂಡದ್ದನ್ನು ಪತ್ರಗಳಲ್ಲಿ ಬರೆದ, ಅವು ಪುಸ್ತಕವಾದವು. ಆಮೇಲೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು, ಕಾಳಿ ನದಿಯಲ್ಲಿ ಬೆಳದಿಂಗಳ ದೋಣಿವಿಹಾರ ಮಾಡಿದ, ನಾಟಕ ಬರೆದ. "ಓದಲಿಕ್ಕೆ ಕಳಿಸಿದ್ದೋ ತಿರುಗಲಿಕ್ಕೆ ಕಳಿಸಿದ್ದೋ" ಎಂದು ನಾವು ಅವರನ್ನು ಕೇಳುವುದಿಲ್ಲ, ಫಲಕ ಹಾಕುತ್ತೇವೆ. ಅದೇ ಮನೆಯ ಸೊಸೆ, ಸತ್ಯೇಂದ್ರನಾಥರ ಪತ್ನಿ ಜ್ಞಾನದಾನಂದಿನಿ ದೇವಿ 1877ರಲ್ಲಿ ಗಂಡ ಜೊತೆಗಿಲ್ಲದೆ ಮೂರು ಪುಟ್ಟ ಮಕ್ಕಳನ್ನು ಕರೆದುಕೊಂಡು ಹಡಗೇರಿ ಇಂಗ್ಲೆಂಡಿಗೆ ಹೋದಳು. ಅವಳ ಹೆಸರು ನಮ್ಮ ಊರಿನಲ್ಲಿ ಎಷ್ಟು ಜನರಿಗೆ ಗೊತ್ತು?

ಎದುರು ವಾದವೂ ನನಗೆ ಗೊತ್ತಿದೆ. ಸಾಲ ಮಾಡಿ ಹೋಗಿ, ಎರಡು ದಿನಕ್ಕೆ ಐದು ಊರು ಮುಟ್ಟಿ, ಫೋಟೋ ತೆಗೆದು ಓಡುವ ಮಕ್ಕಳು ಇದ್ದಾರೆ. ಹುಡುಗರೂ ಹುಡುಗಿಯರೂ ಇದ್ದಾರೆ. ಅದನ್ನು ನಾನು ಹೊಗಳುವುದಿಲ್ಲ. ಆದರೆ ಅಲ್ಲಿಯ ಪರೀಕ್ಷೆ ದಾಕ್ಷಿಣ್ಯದ್ದಲ್ಲ. ಸಾಮಾನ್ಯವಾಗಿ ಒಂದು ವಿಷಯಕ್ಕೆ ಮೂರು ಅವಕಾಶ. ಮೂರರಲ್ಲೂ ಬಿದ್ದರೆ ಆ ಕೋರ್ಸಿನಿಂದಲೇ ಹೊರಗೆ. ಓದದೆ ತಿರುಗುವವರನ್ನು ಆ ನಿಯಮವೇ ಮನೆಗೆ ಕಳಿಸುತ್ತದೆ, ಮದುವೆಮನೆಯ ಪಂಕ್ತಿ ಆ ಕೆಲಸ ಮಾಡಬೇಕಾಗಿಲ್ಲ. ಇನ್ನು ಭಯ. ಒಂಟಿ ಹುಡುಗಿ, ಪರದೇಶ, ರಾತ್ರಿಯ ರೈಲು. ಭಯ ನನಗೂ ಇದೆ. ಅದಕ್ಕಾಗಿ ನಮ್ಮಲ್ಲಿ ಕೆಲವು ಕರಾರುಗಳಿವೆ. ಎಲ್ಲಿಗೆ, ಯಾರ ಜೊತೆ ಎಂದು ಹೊರಡುವ ಮೊದಲು ತಿಳಿಸಬೇಕು. ಗಡಿ ದಾಟುವುದಾದರೆ ಪಾಸ್‌ಪೋರ್ಟು, ವಾಸದ ಪರವಾನಗಿ ಎರಡೂ ಕೈಯಲ್ಲಿರಬೇಕು, ಏಕೆಂದರೆ 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಕೋಣೆ ಸೇರಿದ ಮೇಲೆ ಒಂದು ಸಾಲು ಬರೆಯಬೇಕು. ಭಯಕ್ಕೆ ಮದ್ದು ಎಚ್ಚರಿಕೆ, ಬಾಗಿಲಿಗೆ ಬೀಗವಲ್ಲ. ಬೀಗದ ಒಳಗೇ ಬೆಳೆದವಳು ನಾನು, ಐವತ್ತು ದಾಟಿದರೂ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಒಬ್ಬಳೇ ನಿಂತರೆ ಎದೆ ಡವಗುಟ್ಟುತ್ತದೆ. ಈ ಆಸ್ತಿ ಮಗಳಿಗೆ ಬರುವುದು ಬೇಡ.

ಆದ್ದರಿಂದ ಸೋದರಿಯರೇ, ನಿಮ್ಮ ಮಗಳು ಹೊರದೇಶದಲ್ಲಿರಲಿ, ಮೈಸೂರಿನ ಹಾಸ್ಟೆಲಿನಲ್ಲಿರಲಿ, ಶನಿವಾರ ಫೋನ್ ಮಾಡಿದಾಗ "ಓದಿದೆಯಾ?" ಎಂದು ಕೇಳಿದ ಮೇಲೆ "ಏನು ನೋಡಿದೆ?" ಎಂದೂ ಕೇಳಿ. ಅವಳು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ. ಸಾಧ್ಯವಾದರೆ ನೀವೂ ಒಂದು ಭಾನುವಾರ ಚಪ್ಪಲಿ ಮೆಟ್ಟಿ ಹೊರಡಿ. ಮುಂದಿನ ತಿಂಗಳು ನಾನು ಬಾದಾಮಿಗೆ ಹೋಗುವವಳಿದ್ದೇನೆ, ಒಬ್ಬಳೇ. ಟಿಕೆಟು ತೆಗೆದಾಗಿದೆ. ಫೋಟೋ ಕಳಿಸುತ್ತೇನೆ, ಅತ್ತಿಗೆ ಖಂಡಿತ ನೋಡಲಿ.