ದೆವ್ವದ ಕಥೆಯನ್ನು ದಿಂಬಿನಡಿ ಬಚ್ಚಿಡಬೇಡಿ

'ಈಗ ಯಾವ ಪುಸ್ತಕ ಓದ್ತಾ ಇದ್ದೀರಿ?' ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಕೈಯಲ್ಲಿ ಭೈರಪ್ಪನವರ ಕಾದಂಬರಿಯೋ ವೈದೇಹಿಯವರ ಕಥೆಗಳೋ ಇದ್ದರೆ ಥಟ್ಟನೆ ಹೆಸರು ಹೇಳುತ್ತೀರಿ. ಆದರೆ ದಿಂಬಿನ ಕೆಳಗೆ ಇರುವುದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವೋ ರವಿ ಬೆಳಗೆರೆಯವರ 'ಮಾಟಗಾತಿ'ಯೋ ಆಗಿದ್ದರೆ? 'ಏನಿಲ್ರೀ, ಹಂಗ ಸುಮ್ನ ಟೈಮ್ ಪಾಸಿಗೆ...' ಎಂದು ಮಾತು ಹಾರಿಸಿಬಿಡುತ್ತೀರಿ. ಅಲ್ಲವೇ?

ಈ ಸಂಕೋಚಕ್ಕೆ ಕಾರಣವೂ ಇದೆ. ಹೆಣ್ಣುಮಕ್ಕಳು ಹೆದರಿಕೆಯ ಕಥೆ ಓದುವುದು ಮನೆಯ ಹಿರಿಯರಿಗೆ ಸರಿ ಬರುವುದಿಲ್ಲ. 'ಸಂಜೀ ಹೊತ್ತಿನ್ಯಾಗ ದೆವ್ವ ಭೂತ ಓದಬ್ಯಾಡ', 'ಬಸುರಿ ಇದ್ದಾಕಿ ಅಂಥಾದ್ದೆಲ್ಲಾ ಮುಟ್ಟಬಾರ್ದು' ಎಂಬ ಮಾತು ಕೇಳದವರು ಯಾರು? ಇತ್ತ ಸಾಹಿತ್ಯ ಬಲ್ಲವರು ಇಂಥ ಪುಸ್ತಕವನ್ನು ಅಗ್ಗದ ಸರಕು ಎಂದು ಮೂಗು ಮುರಿಯುತ್ತಾರೆ. ಇಬ್ಬರ ನಡುವೆ ಸಿಕ್ಕ ಓದುಗಿ ತುಟಿ ಬಿಚ್ಚದೆ ಕದ್ದು ಓದುತ್ತಾಳೆ. ನನ್ನನ್ನು ಕೇಳಿದರೆ, ತೊಂದರೆ ಇರುವುದು ಓದುವುದರಲ್ಲಿ ಅಲ್ಲ. ಓದಿದ್ದನ್ನು ಯಾರ ಹತ್ತಿರವೂ ಆಡದೆ ಇರುವುದರಲ್ಲಿ.

ನಮ್ಮ ಗೋಪನಕೊಪ್ಪದ ಓಣಿಯಲ್ಲಿ ಮಧ್ಯಾಹ್ನದ ಊಟ, ಪಾತ್ರೆ ಎಲ್ಲ ಮುಗಿದ ಮೇಲೆ ನಾಲ್ಕೈದು ಮಂದಿ ಕೂಡುತ್ತೇವೆ. ಅಕ್ಕಿ ಆರಿಸುತ್ತಲೋ ಶೇಂಗಾ ಸುಲಿಯುತ್ತಲೋ 'ನೀವ್ ಈಗ ಏನ್ ಓದಾಕತ್ತೀರಿ?' ಎಂಬ ಮಾತು ಬಂದೇ ಬರುತ್ತದೆ. ಒಬ್ಬ ವೈನಿ 'ಮಾಟಗಾತಿ' ಮುಗಿಸಿ ಅದರ ಮುಂದಿನ 'ಸರ್ಪ ಸಂಬಂಧ' ಹಿಡಿದಿದ್ದಾರೆ. ಇನ್ನೊಬ್ಬರ ಕೈಯಲ್ಲಿ ತೇಜಸ್ವಿಯವರು ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್‌ನ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. 1918ರಿಂದ 1926ರವರೆಗೆ 125 ಜನರನ್ನು ಕೊಂದ ಚಿರತೆಯ ನಿಜ ಕಥೆ ಅದು. 'ದೆವ್ವಕ್ಕಿಂತ ಈ ಚಿರತೀನ ಭಾಳ ಅಂಜಸ್ತೈತ್ರಿ' ಎನ್ನುತ್ತಾರೆ ಅವರು. ಕಾಲೇಜು ಹುಡುಗಿಯೊಬ್ಬಳು ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ'ವನ್ನು ಮೊಬೈಲಿನಲ್ಲಿ ಓದುತ್ತಿದ್ದಾಳೆ. 1897ರ ಆ ಕಾದಂಬರಿ ಪೂರ್ತಿ ಡೈರಿ, ಪತ್ರಗಳ ರೂಪದಲ್ಲೇ ಇದೆ ಎಂದು ಅವಳಿಂದಲೇ ನಮಗೆಲ್ಲ ಗೊತ್ತಾದದ್ದು!

ಹೀಗೆ ಹಂಚಿಕೊಂಡಾಗ ಏನಾಗುತ್ತದೆ ಗೊತ್ತೇ? ರಾತ್ರಿ ಒಬ್ಬರೇ ಓದುವಾಗ ಬೆವರಿಳಿಸಿದ ಪುಟ, ಹಗಲು ನಾಲ್ಕು ಜನರ ನಡುವೆ ನಗೆ ತರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಪ್ರಶ್ನೆಗಳು ಹುಟ್ಟುತ್ತವೆ. 'ಅಲ್ರೀ, ದೆವ್ವ ಆಗಾಕಿ ಯಾವಾಗ್ಲೂ ಹೆಂಗಸ ಯಾಕ?' ಎಂದು ಒಮ್ಮೆ ಒಬ್ಬರು ಕೇಳಿದರು. ಹೌದಲ್ಲ! ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆಯ ಸಪ್ಪಳ... 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಸಿದ ದೆವ್ವವೂ ಹೆಣ್ಣೇ. ಕಥೆಯಲ್ಲಿ ದೆವ್ವವಾಗುವವಳು ಗಂಡನಿಂದ ಮೋಸ ಹೋದವಳು, ಬಾವಿಗೆ ಬಿದ್ದವಳು, ಇಲ್ಲವೇ ಹೆರಿಗೆಯಲ್ಲಿ ಸತ್ತವಳು. ಬದುಕಿದ್ದಾಗ ಅವಳ ಮಾತು ಯಾರೂ ಕೇಳಲಿಲ್ಲ. ಸತ್ತ ಮೇಲೆ ಊರೆಲ್ಲ ಹೆದರುತ್ತದೆ. ಒಬ್ಬರೇ ಓದುವಾಗ ಭಯವಷ್ಟೇ ಉಳಿಯುತ್ತಿತ್ತೇನೋ, ಮಾತಿಗೆ ಕುಳಿತಾಗ ಈ ವಿಚಾರ ಹೊಳೆಯಿತು.

ಹೆದರಿಕೆಯ ಕಥೆ ಹಂಚಿಕೊಳ್ಳುವ ಕೂಟದಿಂದ ದೊಡ್ಡ ಸಾಹಿತ್ಯವೂ ಹುಟ್ಟಿದೆ. 1816ರ ಬೇಸಿಗೆ. ಜಿನೀವಾ ಸರೋವರದ ದಂಡೆಯಲ್ಲಿ ಬಿಡದೆ ಮಳೆ. ಮನೆಯೊಳಗೇ ಕೂತ ಗೆಳೆಯರು ಜರ್ಮನ್ ದೆವ್ವದ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. 'ನಾವೂ ಒಂದೊಂದು ಬರೆಯೋಣ' ಎಂದ ಕವಿ ಬೈರನ್. ಆ ಮಾತನ್ನು ಹಿಡಿದು ಬರೆಯತೊಡಗಿದ 18ರ ಹರೆಯದ ಹುಡುಗಿ ಮೇರಿ ಶೆಲ್ಲಿ 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಕೊಟ್ಟಳು. ಮೊದಲ ಮುದ್ರಣದಲ್ಲಿ ಆಕೆಯ ಹೆಸರೇ ಇರಲಿಲ್ಲ!

ಇಷ್ಟೆಲ್ಲ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಪುಸ್ತಕದ ದೆವ್ವಕ್ಕೆ ಹೆದರಿ ನಕ್ಕು ಮರೆಯಬಹುದು. ಆದರೆ ಮನೆಯಲ್ಲಿ ಬಾಣಂತಿ ನಿದ್ದೆ ಬಿಟ್ಟು ಅಳುತ್ತಿದ್ದರೆ, ಸೊಸೆ ತನ್ನಷ್ಟಕ್ಕೆ ಮಾತಾಡಿಕೊಂಡರೆ, ಈಗಲೂ 'ಗಾಳಿ ಸೋಕೈತಿ', 'ಮೈಮ್ಯಾಲೆ ಬಂದೈತಿ' ಎನ್ನುವವರಿದ್ದಾರೆ. ನಿಂಬೆಹಣ್ಣು, ಬೇವಿನ ಬರಲು, ಮೆಣಸಿನಕಾಯಿ ಹೊಗೆ ಹೊರಬರುತ್ತವೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕುವುದು, ಹೊಡೆಯುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾನೂನಿನ ಪ್ರಕಾರ ಅಪರಾಧ. ತ್ರಿವೇಣಿಯವರ 'ಶರಪಂಜರ' ಓದಿದ್ದೀರಲ್ಲವೇ? ಅದರಲ್ಲಿ ದೆವ್ವವೇ ಇಲ್ಲ. ಆದರೂ ಕಾಯಿಲೆ ವಾಸಿಯಾಗಿ ಬಂದ ಕಾವೇರಿಯನ್ನು ಮನೆಯವರೇ ಹುಚ್ಚಿ ಎಂಬಂತೆ ನೋಡುವುದು ಯಾವ ದೆವ್ವದ ಕಥೆಗಿಂತಲೂ ಹೆಚ್ಚು ನಡುಕ ಹುಟ್ಟಿಸುತ್ತದೆ. 2004ರ 'ಆಪ್ತಮಿತ್ರ' ಸಿನಿಮಾದಲ್ಲೂ ನಾಗವಲ್ಲಿಯ ಹಿಂದಿರುವ ಗಂಗಾಳ ಕಾಯಿಲೆಯನ್ನು ಗುರುತಿಸಿದ್ದು ಮನೋವೈದ್ಯನೇ. ಇಂಥ ಕಥೆಗಳನ್ನು ಮನೆಯಲ್ಲಿ ಬಾಯ್ಬಿಟ್ಟು ಚರ್ಚಿಸಿದರೆ, ನಾಳೆ ಯಾರಿಗಾದರೂ ನಿಜವಾದ ತೊಂದರೆ ಬಂದಾಗ 'ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ' ಎನ್ನುವ ಧೈರ್ಯ ಒಬ್ಬರಿಗಾದರೂ ಬರುತ್ತದೆ.

ಹಾಗಾದರೆ ಹೀಗೆ ಮಾಡಿ. ನಿಮ್ಮ ಪುಸ್ತಕವನ್ನು ಅತ್ತೆಯವರಿಗೂ ತೋರಿಸಿ. ಅವರ ಕಾಲದ ಕಥೆ ಕೇಳಿ, ನಿಮಗಿಂತ ಚೆನ್ನಾಗಿ ಹೆದರಿಸಬಲ್ಲರು! ಚಿಕ್ಕ ಮಕ್ಕಳು ಮಲಗುವ ಹೊತ್ತಿಗೆ ಮಾತ್ರ ಇದು ಬೇಡ. ಇಷ್ಟವಿಲ್ಲದವರಿಗೆ ಒತ್ತಾಯ ಮಾಡಿ ಹೇಳಬೇಡಿ. ಓದಿ ನಿದ್ದೆ ಕೆಡುತ್ತಿದ್ದರೆ ಆ ಪುಸ್ತಕವನ್ನು ಹಗಲಿಗಿಡಿ. ಪುಸ್ತಕ ಮುಚ್ಚಿ ವಾರಗಳಾದರೂ ಭಯ ಬಿಡದಿದ್ದರೆ, ಅಥವಾ ಓದದೆಯೇ ಕಾರಣವಿಲ್ಲದ ಅಂಜಿಕೆ ಕಾಡುತ್ತಿದ್ದರೆ, ಸುಮ್ಮನಿರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಹತ್ತಿರದಲ್ಲೇ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ದೆವ್ವ ಪುಸ್ತಕದೊಳಗೆ ಹಾಯಾಗಿರಲಿ. ಅದನ್ನು ಮನೆಯ ಹೆಣ್ಣುಮಗಳ ತಲೆಗೆ ಕಟ್ಟುವುದು ಬೇಡ. ಅಂದ ಹಾಗೆ, ನೀವು ಈಗ ಏನು ಓದುತ್ತಿದ್ದೀರಿ? ಪಕ್ಕದ ಮನೆಯವರಿಗೆ ಇವತ್ತೇ ಹೇಳಿಬಿಡಿ!