ಇದೆಲ್ಲ ನಮ್ದೇ ಗುರೂ!

ಮೊದಲೇ ಹೇಳಿಬಿಡ್ತೀನಿ, ಇದನ್ನು ಓದಿ ನನ್ನ ಆಫೀಸಿನ ಒಂದಿಬ್ಬರು ಗೆಳೆಯರಿಗೆ ಬೇಜಾರಾಗುತ್ತೆ. ಆಗಲಿ ಬಿಡಿ. ನಾನೂ ಆವತ್ತು ಅವರ ಜೊತೆಯಲ್ಲೇ ಇದ್ದವನು, ಅವರು ಅಂದಿದ್ದಕ್ಕೆಲ್ಲ ‘ಹೂಂ’ ಅಂತ ತಲೆ ಆಡಿಸಿದವನು. ಹಾಗಾಗಿ ಬೈಗುಳದಲ್ಲಿ ನನಗೂ ಪಾಲಿದೆ.

ಪ್ರಾಜೆಕ್ಟ್ ಮುಗಿದ ಖುಷಿಗೆ ನಾವು ಹದಿನಾಲ್ಕು ಜನ ಬ್ಯಾಂಕಾಕಿಗೆ ಹೋಗಿದ್ದೆವು. ಬ್ಯಾಂಕಾಕ್ ಅಂದ ತಕ್ಷಣ ನಿಮ್ಮ ತುಟಿಯಲ್ಲಿ ಬಂದ ನಗು ನನಗೆ ಕಾಣಿಸ್ತಾ ಇದೆ. ನಾನು ಹೇಳೋಕೆ ಹೊರಟಿರೋದು ಅದನ್ನಲ್ಲ. ನಾಲ್ಕು ದಿನದ ಟ್ರಿಪ್ಪಿನಲ್ಲಿ ಒಂದು ದಿನವನ್ನು ದೇವಸ್ಥಾನಗಳಿಗೆ ಅಂತ ಇಟ್ಟಿದ್ದೆವು. ಮನೆಯವರಿಗೆ ತೋರಿಸೋಕೆ ನಾಲ್ಕು ಒಳ್ಳೆ ಫೋಟೋ ಬೇಕಲ್ಲ!

ಏರ್‌ಪೋರ್ಟಿನ ಹೆಸರು ಸುವರ್ಣಭೂಮಿ. ಬೋರ್ಡ್ ನೋಡಿದ ಕೂಡಲೇ ನಮ್ಮ ಟೀಮ್ ಲೀಡ್ ಘೋಷಿಸಿದ: ‘ನೋಡ್ರೋ, ಇದೆಲ್ಲ ನಮ್ದೇ ಗುರೂ!’ ಅಲ್ಲಿಂದ ಶುರುವಾಯ್ತು. ರಾಜನ ಬಿರುದು ರಾಮ, ನಮ್ದೇ. ಹಳೇ ರಾಜಧಾನಿ ಅಯುತ್ಥಯ, ಅಂದ್ರೆ ಅಯೋಧ್ಯೆ, ಅದೂ ನಮ್ದೇ. ಅಲ್ಲಿನವರು ತಮ್ಮ ಊರನ್ನ ಬ್ಯಾಂಕಾಕ್ ಅನ್ನಲ್ಲ, ಕ್ರುಂಗ್ ಥೇಪ್ ಅಂತಾರೆ. ‘ಥೇಪ್’ ಅಂದ್ರೆ ‘ದೇವ’ ಅಂತ ಗೈಡ್ ಹೇಳಿದ ಮೇಲಂತೂ ಕೇಳಬೇಡಿ, ಇಡೀ ಊರನ್ನೇ ನಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡುಬಿಟ್ಟೆವು.

ಬೆಳಗ್ಗೆ ಮೊದಲು ಹೋಗಿದ್ದು ಅರಮನೆಗೆ. 1782ರಲ್ಲಿ ಮೊದಲನೇ ರಾಮ ಇಲ್ಲಿ ರಾಜಧಾನಿ ಕಟ್ಟಿದಾಗ ಶುರುವಾದದ್ದು. ಅದರ ಆವರಣದಲ್ಲೇ ವಾಟ್ ಫ್ರಾ ಕೇವ್, ಅಂದರೆ ಪಚ್ಚೆ ಬುದ್ಧನ ಗುಡಿ. ಚಡ್ಡಿ ಹಾಕಿಕೊಂಡವರನ್ನ ಒಳಗೆ ಬಿಡಲ್ಲ. ಪಂಚೆ ಉಡಿ ಅಂತ ಬೋರ್ಡ್ ಹಾಕಿರೋ ನಮ್ಮ ದೇವಸ್ಥಾನಗಳ ಮೇಲೆ ಫೇಸ್‌ಬುಕ್ಕಿನಲ್ಲಿ ಕೂಗಾಡೋ ನಮ್ಮ ಮೂವರು ಗೆಳೆಯರು, ಹೊರಗಡೆ ಅಂಗಡಿಯಲ್ಲಿ ಆನೆ ಚಿತ್ರದ ದೊಗಳೆ ಪ್ಯಾಂಟು ಕೊಂಡು, ಹಾಕಿಕೊಂಡು, ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಂತರು. ಒಳಗೆ ಒಂದೇ ಹಸಿರು ಕಲ್ಲಿನಲ್ಲಿ ಕಡೆದ ಪುಟ್ಟ ಬುದ್ಧ. ಬೇಸಿಗೆ, ಮಳೆ, ಚಳಿ ಅಂತ ವರ್ಷಕ್ಕೆ ಮೂರು ಸಲ ಅವನ ಬಟ್ಟೆ ಬದಲಾಯಿಸುತ್ತಾರೆ, ಆ ಕೆಲಸ ರಾಜನದ್ದು.

ಗುಡಿಯ ಸುತ್ತಿನ ಪಡಸಾಲೆಯ ಗೋಡೆ ತುಂಬ ರಾಮಾಯಣ. 178 ಚಿತ್ರಗಳು. ಅವರ ರಾಮಾಯಣಕ್ಕೆ ರಾಮಕಿಯನ್ ಅಂತ ಹೆಸರು. ನಮ್ಮ ಗೈಡ್ ಐವತ್ತು ದಾಟಿದ ಹೆಂಗಸು, ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿ ಕಥೆ ಹೇಳ್ತಾ ಹೋದರು. ರಾವಣನಿಗೆ ಅಲ್ಲಿ ತೋತ್ಸಕನ್ ಅಂತಾರೆ, ದಶಕಂಠ. ಸೀತೆ ಅವನ ಮಗಳೇ! ಇವಳಿಂದ ಕುಲ ನಾಶ ಅಂತ ಜ್ಯೋತಿಷಿಗಳು ಹೇಳಿದ್ದಕ್ಕೆ ನೀರಿಗೆ ಬಿಟ್ಟ ಕೂಸು. ಹನುಮಂತನ ಮೈ ಬಿಳಿ, ಮತ್ತೆ ಅವನು ಬ್ರಹ್ಮಚಾರಿಯೂ ಅಲ್ಲ. ಸೇತುವೆಯ ಕಲ್ಲು ಕದಿಯೋಕೆ ಬಂದ ರಾವಣನ ಇನ್ನೊಬ್ಬ ಮಗಳು, ಮೀನಿನ ಬಾಲದ ಸುವನ್ನಮಚ್ಛಾಳನ್ನು ಒಲಿಸಿಕೊಂಡು ಮಗನನ್ನೂ ಪಡೀತಾನೆ.

ನಮ್ಮ ಗುಂಪಿನಲ್ಲಿ ಶನಿವಾರ ತಪ್ಪದೆ ಆಂಜನೇಯನ ಗುಡಿಗೆ ಹೋಗೋ ಒಬ್ಬ ಇದ್ದಾನೆ. ಅವನ ಮುಖ ಕೆಂಪಾಯ್ತು. ‘ಇವ್ರು ನಮ್ಮ ರಾಮಾಯಣಾನ ಕೆಡಿಸ್ಬಿಟ್ಟವ್ರೆ ಮಗಾ’ ಅಂದ. ಐದು ನಿಮಿಷದ ಹಿಂದೆ ಇದೆಲ್ಲ ನಮ್ದೇ ಆಗಿತ್ತು. ಕಥೆ ಸ್ವಲ್ಪ ಬೇರೆ ಅಂತ ಗೊತ್ತಾದ ಕೂಡಲೇ ಕೆಟ್ಟುಹೋಯ್ತು! ಟೀಮ್ ಲೀಡ್ ಗೈಡಿಗೆ ಇಂಗ್ಲಿಷಿನಲ್ಲಿ ತಿದ್ದುಪಡಿ ಕೊಟ್ಟ: ‘ಮೇಡಂ, ಒರಿಜಿನಲ್ಲಲ್ಲಿ ಹಾಗಿಲ್ಲ.’ ಆಯಮ್ಮ ನಕ್ಕು ‘ಹೌದಾ? ನಿಮ್ಮ ಊರಲ್ಲಿ ಹೇಗೆ ಹೇಳ್ತಾರೆ?’ ಅಂದರು.

ನಮ್ಮ ಊರಲ್ಲಿ ಹೇಗೆ ಹೇಳ್ತಾರೆ? ನನಗೆ ಗೊತ್ತಿತ್ತು. ನಮ್ಮದು ಮಂಡ್ಯ ಕಡೆ ಹಳ್ಳಿ. ಸುಗ್ಗಿ ಮುಗಿದ ಮೇಲೆ ತಂಬೂರಿ ದಾಸಯ್ಯ ಬರ್ತಿದ್ದ. ಜಗಲಿಯ ಕೆಳಗೇ ನಿಂತು ಹಾಡ್ತಿದ್ದ, ಅಜ್ಜಿ ಮೊರದಲ್ಲಿ ರಾಗಿ ತಂದು ಹಾಕೋಳು. ಅವನ ಹಾಡಿನಲ್ಲಿ ಹೆಂಡತಿಗೆ ಅಂತ ಕೊಟ್ಟ ಮಾವಿನಹಣ್ಣನ್ನ ರಾವಳ ತಾನೇ ತಿಂದುಬಿಡ್ತಾನೆ. ತಿಂದು ಬಸುರಾಗ್ತಾನೆ. ದಿನ ತುಂಬಿ ಒಂದು ಸಲ ಸೀನಿದಾಗ ಮೂಗಿನಿಂದ ಹೆಣ್ಣುಮಗು ಹುಟ್ಟುತ್ತೆ. ಸೀತಾಗ ಹುಟ್ಟಿದ್ದಕ್ಕೆ ಸೀತೆ! ನಾವು ಹುಡುಗರು ಬಿದ್ದು ಬಿದ್ದು ನಗ್ತಿದ್ದೆವು. ಬ್ಯಾಂಕಾಕಿನ ಗೋಡೆಯ ಸೀತೆ, ನನ್ನ ಅಜ್ಜಿಯ ಜಗಲಿಯ ಸೀತೆ, ಇಬ್ಬರೂ ರಾವಣನ ಮಕ್ಕಳೇ. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ತಮ್ಮ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಈ ಕನ್ನಡದ ಕಥೆಯನ್ನೂ ಥಾಯ್ ಕಥೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ. ಆ ಪ್ರಬಂಧವನ್ನೇ 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದುಹಾಕಿತು.

ಇದನ್ನೆಲ್ಲ ನಾನು ಅಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಬಸುರಾದ ರಾವಣನ ಕಥೆ ಹೇಳಿ ಹಳ್ಳಿ ಗಮಾರ ಅನ್ನಿಸಿಕೊಳ್ಳೋದು ಯಾಕೆ ಅಂತ ಸುಮ್ಮನಾದೆ. ‘ಒರಿಜಿನಲ್ಲಲ್ಲಿ ಹಾಗಿಲ್ಲ’ ಅಂದಾಗ ತಲೆ ಆಡಿಸಿದೆ. ‘ನಮ್ದು’ ಅಂತ ಎದೆ ತಟ್ಟಿಕೊಳ್ಳೋ ನಮಗೆ ನಮ್ದು ಅಂದ್ರೆ ಟಿವಿಯಲ್ಲಿ ಬಂದದ್ದು, ವಾಟ್ಸಾಪಿನಲ್ಲಿ ಓದಿದ್ದು ಅಷ್ಟೇ. ಅಜ್ಜಿ ರಾಗಿ ಹಾಕಿ ಕೇಳಿದ್ದು ಅದರಲ್ಲಿ ಸೇರಲ್ಲ. ದಾಸಯ್ಯನನ್ನ ಆವತ್ತು ಜಗಲಿಯ ಕೆಳಗೆ ನಿಲ್ಲಿಸಿದ್ದೆವು, ಈಗಲೂ ಅಲ್ಲೇ ನಿಲ್ಲಿಸಿದ್ದೀವಿ.

ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲೇ ವಾಟ್ ಫೋ. ಮಲಗಿರೋ ಬುದ್ಧನ ಉದ್ದ 46 ಮೀಟರ್. ಪಾದಗಳ ಮೇಲೆ ಮುತ್ತಿನ ಚಿಪ್ಪಿನಲ್ಲಿ ಕೂರಿಸಿದ 108 ಮಂಗಳ ಚಿಹ್ನೆಗಳು. ಹಿಂದುಗಡೆ ಸಾಲಾಗಿ 108 ಕಂಚಿನ ಬಟ್ಟಲು, ಒಂದೊಂದಕ್ಕೂ ಒಂದೊಂದು ಕಾಸು ಹಾಕ್ತಾ ಹೋಗಬೇಕು. ಟಣ್ ಟಣ್ ಸದ್ದು ಚೆನ್ನಾಗಿರುತ್ತೆ, ಎಲ್ಲರೂ ವಿಡಿಯೋ ಮಾಡಿಕೊಂಡರು. ನನ್ನ ಕಾಲು ನಿಂತಿದ್ದು ಮಾತ್ರ ಹೊರಗಡೆ, ಗೋಡೆಗೆ ಕೂರಿಸಿದ ಕಲ್ಲುಗಳ ಮುಂದೆ. ಮನುಷ್ಯನ ಮೈಯ ಚಿತ್ರ, ಅದರ ಮೇಲೆ ಗೆರೆ, ಚುಕ್ಕಿ, ಪಕ್ಕದಲ್ಲಿ ಅಕ್ಷರ. ಎಲ್ಲಿ ಒತ್ತಿದರೆ ಯಾವ ನೋವು ಹೋಗುತ್ತೆ ಅನ್ನೋ ವಿವರ. ಮೂರನೇ ರಾಮನ ಕಾಲದಲ್ಲಿ, 1831ರಿಂದ 1841ರವರೆಗೆ, ಗುಡಿಯನ್ನ ರಿಪೇರಿ ಮಾಡಿಸುವಾಗ ವೈದ್ಯ, ಛಂದಸ್ಸು, ಧರ್ಮ, ಇತಿಹಾಸ ಎಲ್ಲವನ್ನೂ ಕಲ್ಲಿನಲ್ಲಿ ಬರೆಸಿ, ಬಂದವರೆಲ್ಲ ಓದಲಿ ಅಂತ ಗೋಡೆ ಕಂಬಗಳಿಗೆ ಕೂರಿಸಿದರು. ಹೀಗೆ 1,431 ಶಾಸನಗಳಿವೆ. 2011ರಲ್ಲಿ ಯುನೆಸ್ಕೋ ಇವನ್ನ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಶಾಸನ ನಮಗೇನು ಹೊಸದಾ? ಕರ್ನಾಟಕದಲ್ಲಿ ಎಡವಿದ ಕಲ್ಲೆಲ್ಲ ಶಾಸನ. ಬಿ.ಎಲ್. ರೈಸ್ ಅನ್ನೋ ಪುಣ್ಯಾತ್ಮ ನೂರಾ ಮೂವತ್ತು ವರ್ಷದ ಹಿಂದೆ ಹಳೇ ಮೈಸೂರಿನ ಹಳ್ಳಿಹಳ್ಳಿಯ ಕಲ್ಲುಗಳನ್ನ ಓದಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ ಅಂತ ತಾಲ್ಲೂಕುವಾರು ಅಚ್ಚು ಹಾಕಿಸಿದ. ನಮ್ಮ ಊರಲ್ಲೂ ಒಂದು ಕಲ್ಲಿತ್ತು, ಈಶ್ವರನ ಗುಡಿಯ ಪಕ್ಕ. ಕತ್ತಿ ಹಿಡಿದ ಒಬ್ಬ ವೀರ, ಕೆಳಗೆ ದನಗಳ ಸಾಲು, ನಡುವೆ ಹಳಗನ್ನಡದ ನಾಲ್ಕು ಸಾಲು. ಅಮ್ಮ ಅದರ ಮೇಲೆ ಬಟ್ಟೆ ಒಗೀತಿದ್ದಳು. ನಾವು ಅದರ ಮೇಲೆ ಇದ್ದಿಲಲ್ಲಿ ಮೂರು ಗೀಟು ಎಳೆದು ಸ್ಟಂಪ್ ಮಾಡ್ಕೊತಿದ್ದೆವು. ನಾನು ಬಿಇ ಓದಿ, ಮೂರು ಕಂಪ್ಯೂಟರ್ ಭಾಷೆ ಕಲಿತು, ಅದರಲ್ಲಿ ಅನ್ನ ತಿಂತಿದ್ದೀನಿ. ನಮ್ಮೂರ ಕಲ್ಲಿನಲ್ಲಿ ಏನು ಬರೆದಿದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಅದು ನೆನಪಾಗಿದ್ದು ಬ್ಯಾಂಕಾಕಿನಲ್ಲಿ, ಓದೋಕೆ ಬಾರದ ಥಾಯ್ ಅಕ್ಷರದ ಮುಂದೆ ನಿಂತಾಗ.

ಆಮೇಲೆ ದೋಣಿಯಲ್ಲಿ ಚಾವೋ ಫ್ರಾಯಾ ನದಿ ದಾಟಿ ವಾಟ್ ಅರುಣ್. ಚೀನಾದ ಪಿಂಗಾಣಿ ಚೂರುಗಳನ್ನ ಹೂವಿನ ಹಾಗೆ ಅಂಟಿಸಿ ಮಾಡಿದ ಗೋಪುರ, ಮೇಲೆ ಐರಾವತದ ಮೇಲೆ ಕೂತ ಇಂದ್ರ. ‘ಅರುಣ, ನಮ್ದೇ’ ಅಂತ ಹೇಳಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿದೆವು, ಯಾಕಂದ್ರೆ ಇಂಡಿಯನ್ ಹೋಟೆಲ್ ಹುಡುಕಬೇಕಿತ್ತು. ಊಟಕ್ಕೆ ಒಂದೂವರೆ ಗಂಟೆ.

ಸಂಜೆ ಎರವಾನ್ ಬ್ರಹ್ಮನ ಗುಡಿ. ಗುಡಿ ಅಂದ್ರೆ ಗುಡಿಯಲ್ಲ, ಮಾಲ್‌ಗಳ ನಡುವಿನ ಸರ್ಕಲ್ಲಿನಲ್ಲಿ ಒಂದು ಮಂಟಪ, ಚಿನ್ನದ ಬಣ್ಣದ ನಾಲ್ಕು ಮುಖದ ಬ್ರಹ್ಮ. ಎರವಾನ್ ಅಂದ್ರೆ ಐರಾವತ. ಆ ಹೆಸರಿನ ಹೋಟೆಲ್ ಕಟ್ಟುವಾಗ ವಿಘ್ನದ ಮೇಲೆ ವಿಘ್ನ ಬಂತು ಅಂತ ಜ್ಯೋತಿಷಿಯನ್ನ ಕೇಳಿ 1956ರಲ್ಲಿ ಕೂರಿಸಿದ್ದು. ಆಫೀಸು ಬಿಟ್ಟು ಬಂದ ಹುಡುಗಿಯರು, ಟ್ಯಾಕ್ಸಿಯವರು, ಚೀನಾದಿಂದ ಬಂದವರು, ಎಲ್ಲ ಅಕ್ಕಪಕ್ಕ ಮಂಡಿಯೂರಿ ಊದುಬತ್ತಿ ಹಿಡಿದಿದ್ದರು. ಹರಕೆ ತೀರಿದವರು ದುಡ್ಡು ಕೊಟ್ಟು ನೃತ್ಯ ಮಾಡಿಸ್ತಾರೆ. ಗೈಡ್ ಭಕ್ತಿಯಿಂದ ಕೈ ಮುಗಿದು ಕೇಳಿದರು, ‘ನಿಮ್ಮ ದೇಶದಲ್ಲಿ ಬ್ರಹ್ಮನ ಗುಡಿಗಳು ಇನ್ನೂ ದೊಡ್ಡದಾಗಿ ಇರಬೇಕಲ್ಲ?’

ಹದಿನಾಲ್ಕು ಜನ ಮುಖ ಮುಖ ನೋಡಿಕೊಂಡೆವು. ಯಾರೋ ಪುಷ್ಕರ ಅಂದರು. ಅಷ್ಟೇ. ಬ್ರಹ್ಮನಿಗೆ ನಾವು ಪೂಜೆ ಮಾಡೋದೇ ಅಪರೂಪ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ. ನಾವು ಕೈಬಿಟ್ಟವನನ್ನ ಇವರು ಸರ್ಕಲ್ಲಿನಲ್ಲಿ ಕೂರಿಸಿ ದಿನಾ ಹೂವು ಹಾಕ್ತಿದ್ದಾರೆ. ಅವನು ಇನ್ನೂ ನಮ್ಮವನಾ? ಕಥೆ ಇಲ್ಲಿಂದ ಹೋಗಿರಬಹುದು, ಹೆಸರೂ ಹೋಗಿರಬಹುದು. ಅದನ್ನ ಸಾಕಿದವರು ಅವರು. ಬೀಜ ನಮ್ಮದು ಅಂತ ಪಕ್ಕದ ಹೊಲದ ಪೈರಿಗೆ ಕುಡುಗೋಲು ಹಿಡಿದುಕೊಂಡು ಹೋದ್ರೆ ಹಳ್ಳಿಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ವಾಪಸ್ ಬರುವಾಗ ಏರ್‌ಪೋರ್ಟಿನ ಒಳಗಡೆ ಸಮುದ್ರಮಥನದ ದೊಡ್ಡ ಶಿಲ್ಪದ ಮುಂದೆ ಗ್ರೂಪ್ ಫೋಟೋ. ‘ಎಲ್ಲ ನಮ್ದೇ’ ಅಂತ ಕೊನೆಯ ಸಲ ಕೂಗಿದರು. ಫೋಟೋ ತೆಗೆದವನು ನಾನೇ.

ಬಂದ ವಾರದಲ್ಲಿ ರೈಸ್ ಪುಸ್ತಕ ಅಂತರ್ಜಾಲದಲ್ಲಿ ಸಿಕ್ತು. ನಮ್ಮೂರ ಕಲ್ಲು ಅದರಲ್ಲಿದೆ! ತುರು ಕದಿಯೋಕೆ ಬಂದವರ ಮೇಲೆ ಬಿದ್ದು, ದನ ಬಿಡಿಸಿ, ಸತ್ತವನೊಬ್ಬನ ಕಲ್ಲು. ಊರವರು ಅವನ ಮನೆಯವರಿಗೆ ಗದ್ದೆ ಬಿಟ್ಟುಕೊಟ್ಟಿದ್ದರ ದಾಖಲೆ. ಖುಷಿಯಿಂದ ಫೋಟೋ ತೆಗೆಯೋಣ ಅಂತ ಊರಿಗೆ ಹೋದೆ. ಗುಡಿ ಪಕ್ಕ ಕಲ್ಲಿಲ್ಲ. ನಾಲ್ಕು ವರ್ಷದ ಹಿಂದೆ ಜೀರ್ಣೋದ್ಧಾರ ಆಯ್ತಲ್ಲ, ಟೈಲ್ಸು, ಗ್ರಾನೈಟು ಎಲ್ಲ ಹಾಕಿಸಿ? ಆಗ ಅದನ್ನ ಎತ್ತಿ ಮುಂದಿನ ಚರಂಡಿಗೆ ಅಡ್ಡ ಹಾಕಿದ್ದಾರೆ, ಅಕ್ಷರ ಕೆಳಗೆ ಮಾಡಿ. ಟ್ರ್ಯಾಕ್ಟರ್ ಅದರ ಮೇಲೇ ಓಡಾಡುತ್ತೆ. ಗುಡಿಯ ಗೋಡೆಯಲ್ಲಿ ಕರೀ ಗ್ರಾನೈಟಿನ ದಾನಿಗಳ ಪಟ್ಟಿ. ಅದರಲ್ಲಿ ಏಳನೇ ಹೆಸರು ನನ್ನದು, ಬಿಇ ಸಮೇತ, ಇಪ್ಪತ್ತೈದು ಸಾವಿರ. ಅಂದ್ರೆ ದನ ಬಿಡಿಸಿ ಸತ್ತವನನ್ನ ಚರಂಡಿಗೆ ಕೆಡವಿದ ದುಡ್ಡಿನಲ್ಲಿ ನನ್ನದೂ ಇದೆ.

ಹೇಳಿ, ಯಾವುದು ನಮ್ಮದು? ಬ್ಯಾಂಕಾಕಿನ ಬ್ರಹ್ಮ ನಮ್ಮವನು, ಚರಂಡಿ ಮೇಲಿರೋನು ಯಾರವನು? ಇನ್ನೊಬ್ಬರ ಮನೆಯಲ್ಲಿ ನಮ್ಮ ಹೆಸರು ಹುಡುಕೋ ಉತ್ಸಾಹದಲ್ಲಿ ಹತ್ತರಲ್ಲಿ ಒಂದು ಪಾಲನ್ನ ಊರ ಕಡೆ ತಿರುಗಿಸಿದ್ದರೆ ಸಾಕಿತ್ತು. ನೀವೂ ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಚರಂಡಿ, ಬೋರ್‌ವೆಲ್ಲಿನ ಕಟ್ಟೆ, ಬಟ್ಟೆ ಒಗೆಯೋ ಜಾಗ ಒಂದು ಸಲ ನೋಡಿ ಬನ್ನಿ.

ಗುಡಿ ಕಮಿಟಿಗೆ ನಮ್ಮ ದೊಡ್ಡಪ್ಪನೇ ಅಧ್ಯಕ್ಷ. ಕಲ್ಲು ಎತ್ತಿಸಿ ನಿಲ್ಲಿಸೋಣ ಅಂದೆ. ‘ಎತ್ತಿಸ್ಲಾ, ಯಾರ್ ಬ್ಯಾಡ ಅಂದೋರು? ಚರಂಡಿಗೆ ಬ್ಯಾರೆ ಚಪ್ಪಡಿ ಯಾರ್ ಹಾಕ್ಸೋರು, ನೀನ್ ಹಾಕ್ಸೀಯಾ?’ ಅಂದರು. ಹಾಕಿಸ್ತೀನಿ ದೊಡ್ಡಪ್ಪ ಅಂದೆ. ಬ್ಯಾಂಕಾಕಿನಲ್ಲಿ ನಾವು ಒಂದು ಹೊತ್ತಿನ ಇಂಡಿಯನ್ ಊಟಕ್ಕೆ ಕೊಟ್ಟಷ್ಟೂ ಆಗಲ್ಲ ಆ ಚಪ್ಪಡಿ.